ದಿಡ್ಡಿ ಬಾಗಿಲು ಹಾಕುವವರು ಯಾರು?

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಈ ಗಾದೆ ಕೇಳದ ಅಂಗಡಿ ಕಟ್ಟೆ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಇರಲಾರದು. ಕೇಳುವ ಜನ ಕೋಟೆಯ ನೆರಳಲ್ಲೇ ಬದುಕುವವರು. ನವದುರ್ಗಗಳಲ್ಲಿ ಒಂದೆನಿಸಿದ ಚನ್ನರಾಯನದುರ್ಗ ಒಂದು ಕಡೆ, ಏಕಶಿಲೆಯ ಮಧುಗಿರಿ ಬೆಟ್ಟ ಇನ್ನೊಂದು ಕಡೆ. ಮಧುಗಿರಿ ಕೋಟೆಯಲ್ಲಂತೂ ದಿಡ್ಡಿ ಬಾಗಿಲು ಎಂದೇ ಹೆಸರಿರುವ ಬಾಗಿಲಿದೆ. ಪಾಳೆಯಗಾರರು, ಮೈಸೂರಿನವರು, ಮರಾಠರು ಎಂದು ಕೈಯಿಂದ ಕೈಗೆ ಹೋದ ಕೋಟೆಗಳಿವು. ಕಲ್ಲಿನ ಗೋಡೆ ಎಷ್ಟೇ ದಪ್ಪ ಇರಲಿ, ಯಾವ ಬಾಗಿಲಿಗೆ ಯಾರು, ಕಹಳೆ ಊದುವವರು ಯಾರು ಎಂಬುದು ಮೊದಲೇ ತೀರ್ಮಾನವಾಗದಿದ್ದರೆ ಗೋಡೆ ಗೋಡೆಯಾಗಿಯೇ ನಿಂತಿರುತ್ತದೆ, ಕೋಟೆ ಹೋಗಿರುತ್ತದೆ.

ಈಗ ಕೋಟೆ ಕಾಯುವ ಕೆಲಸ ಯಾರಿಗೂ ಇಲ್ಲ. ಮನೆ ಕಾಯುವ ಕೆಲಸ ಎಲ್ಲರಿಗೂ ಇದೆ. ಮುಂಬಾಗಿಲಿಗೆ ಕಬ್ಬಿಣದ ಗ್ರಿಲ್, ಅದಕ್ಕೊಂದು ಬೀಗ, ಬೀರುವಿಗೊಂದು ಬೀಗ. ಅನುಕೂಲ ಇದ್ದವರ ಮನೆ ಮೂಲೆಯಲ್ಲಿ ಸಿಸಿಟಿವಿ ಕ್ಯಾಮೆರಾ ಕೂಡ. ಇಷ್ಟೆಲ್ಲಾ ಆದ ಮೇಲೂ ಬಹಳ ಮನೆಗಳಲ್ಲಿ ಒಂದು ಕೆಲಸ ಬಾಕಿ ಉಳಿದಿದೆ. ರಾತ್ರಿ ಯಾರಾದರೂ ಒಳಗೆ ನುಗ್ಗಿದರೆ ಗಂಡ ಏನು ಮಾಡಬೇಕು, ಹೆಂಡತಿ ಏನು ಮಾಡಬೇಕು ಎಂದು ಇಬ್ಬರೂ ಕೂತು ಐದು ನಿಮಿಷ ಮಾತಾಡಿಲ್ಲ. ಅದಕ್ಕೆ ಖರ್ಚಿಲ್ಲ, ಮೇಸ್ತ್ರಿ ಬೇಕಿಲ್ಲ. ಆದರೂ ಆಗಿಲ್ಲ.

ಮಾತಾಡದಿದ್ದರೆ ಏನಾಗುತ್ತದೆ ಎಂಬುದು ಸಂಸಾರಸ್ಥರಿಗೆ ಗೊತ್ತಿರುವ ಸಂಗತಿಯೇ. ರಾತ್ರಿ ಎರಡು ಗಂಟೆ. ಹಿತ್ತಿಲ ಕಡೆ ಏನೋ ಸದ್ದು.

“ಏನ್ರೀ, ಸದ್ದು ಕೇಳ್ತಾ?”

“ಬೆಕ್ಕಿರಬೇಕು, ಸುಮ್ನೆ ಮಲ್ಕೊ.”

“ಬೆಕ್ಕು ಚಿಲಕ ಅಲ್ಲಾಡಿಸ್ತದಾ? ಎದ್ದು ನೋಡ್ರೀ.”

“ಇರು ಮಾರಾಯ್ತಿ. ಟಾರ್ಚ್ ಎಲ್ಲಿ?”

“ನಂಗೇನ್ ಗೊತ್ತು? ನಿನ್ನೆ ಮೋಟಾರ್ ಹಾಕಕ್ಕೆ ನೀವೇ ತಗೊಂಡ್ ಹೋಗಿದ್ರಲ್ಲ!”

ಹೆಚ್ಚಿನ ರಾತ್ರಿಗಳಲ್ಲಿ ಅದು ಬೆಕ್ಕೇ ಆಗಿರುತ್ತದೆ. ಬೆಳಿಗ್ಗೆ ಕಾಫಿ ಜೊತೆಗೆ ನಗೆಯಾಗಿ ಮುಗಿಯುತ್ತದೆ. ಬೆಕ್ಕಲ್ಲದ ಒಂದೇ ಒಂದು ರಾತ್ರಿ ಬಂದರೆ ಟಾರ್ಚ್ ಹುಡುಕುವ ಆ ಎರಡು ನಿಮಿಷವೇ ಮನೆಯವರಿಗೆ ಮುಳುವಾಗುತ್ತದೆ. ಗಂಡ ಕತ್ತಲಲ್ಲಿ ಒಂದು ಕಡೆ, ಹೆಂಡತಿ ಮಕ್ಕಳ ಕಡೆ, ಫೋನು ಅಡಿಗೆಮನೆಯಲ್ಲಿ ಚಾರ್ಜಿಗೆ.

ಈ ಸೀಮೆಯ ಮನೆಗಳ ಪರಿಸ್ಥಿತಿಯೂ ಸ್ವಲ್ಪ ಬೇರೆ. ಅಂಗಡಿಯವರು ಕಲೆಕ್ಷನ್ ಚೀಲ ಹಿಡಿದು ರಾತ್ರಿ ಕಡೇ ಬಸ್ಸಿಗೆ ಮನೆ ಸೇರುತ್ತಾರೆ. ಫೋನಲ್ಲಿ ದುಡ್ಡು ಹಾಕುವ ಗಿರಾಕಿಗಳು ಹೆಚ್ಚಾದ ಮೇಲೆ ಚೀಲ ಹಗುರವಾಗಿದೆ ನಿಜ. ಆದರೆ ಚೀಲ ಹಗುರವಾದದ್ದು ಕಳ್ಳನಿಗೆ ಗೊತ್ತಿರಬೇಕಲ್ಲ? ತೋಟದ ಮನೆಯವರ ಪಾಡು ಇನ್ನೊಂದು ಬಗೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಮೂರು ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂತೆಂದರೆ ಯಜಮಾನ ಮೋಟಾರ್ ಹಾಕಲು ಬಾವಿ ಕಡೆಗೆ, ಯಜಮಾನಿ ಒಬ್ಬಳೇ ಮನೆಯಲ್ಲಿ. ಇನ್ನು ಗೊರವನಹಳ್ಳಿಗೋ ಸಿದ್ದರಬೆಟ್ಟಕ್ಕೋ ದಂಡಿನ ಮಾರಮ್ಮನ ಜಾತ್ರೆಗೋ ಹೊರಟ ದಿನ ಕೀಲಿಕೈ ಎಲ್ಲಿ? ತುಳಸಿಕಟ್ಟೆ ಸಂದಿಯಲ್ಲಿ, ಮೀಟರ್ ಬೋರ್ಡಿನ ಮೇಲೆ, ಇಲ್ಲವೇ ಹಳೇ ಚಪ್ಪಲಿಯೊಳಗೆ. ಊರಿಗೆಲ್ಲ ಗೊತ್ತಿರುವ ಗುಟ್ಟು.

ತಳಾರಿ ಹೋದ, ಪ್ರಶ್ನೆ ಉಳಿಯಿತು

ಹಿಂದೆ ಹಳ್ಳಿಯಲ್ಲಿ ರಾತ್ರಿ ಎದ್ದಿರಲು ತಳಾರಿ, ತೋಟಿ ಇರುತ್ತಿದ್ದರು. ಹುಟ್ಟಿನಿಂದ ಬಂದ ಕಸುಬು. ಚಳಿಯಿರಲಿ ಮಳೆಯಿರಲಿ ಅವರ ಹೆಗಲ ಮೇಲೆ ಊರಿನ ನಿದ್ದೆ. ೧೯೬೧ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಆ ವಂಶಪಾರಂಪರ್ಯದ ಚಾಕರಿಗೆ ತೆರೆ ಎಳೆಯಿತು. ಆಗಬೇಕಾದ್ದೇ ಆಯಿತು. ಒಬ್ಬ ಹುಟ್ಟಿದ ತಪ್ಪಿಗೆ ಊರೆಲ್ಲ ಕಾಯಬೇಕು ಎಂಬುದು ನ್ಯಾಯವೇನಲ್ಲ. ೧೯೬೪ರಲ್ಲಿ ಗ್ರಾಮ ರಕ್ಷಣಾ ದಳಗಳಿಗೆಂದು ಇನ್ನೊಂದು ಕಾಯಿದೆ ಬಂತು. ಕಾಯಿದೆ ಪುಸ್ತಕದಲ್ಲಿದೆ. ದಳ ಎಷ್ಟು ಊರಲ್ಲಿ ಲಾಠಿ ಹಿಡಿದು ಸುತ್ತುತ್ತಿದೆ ಎಂಬುದನ್ನು ಊರಿನವರೇ ಹೇಳಬೇಕು. ಒಟ್ಟಿನಲ್ಲಿ ರಾತ್ರಿ ಎಚ್ಚರ ಇರುವವರು ಯಾರು ಎಂಬ ಪ್ರಶ್ನೆ ಊರಬಾಗಿಲಿನಿಂದ ಮನೆಬಾಗಿಲಿಗೆ, ಮನೆಬಾಗಿಲಿನಿಂದ ಗಂಡ ಹೆಂಡಿರ ಮಂಚದ ಪಕ್ಕಕ್ಕೆ ಬಂದು ನಿಂತಿದೆ.

ಹಗಲು ಬಾಗಿಲು

ಕಳ್ಳ ಎಂದರೆ ರಾತ್ರಿ, ಕಂಬಳಿ, ಮುಸುಕು ಎಂದು ಗಂಡಸರ ಲೆಕ್ಕ. ಈ ಲೆಕ್ಕ ತಪ್ಪು ಎಂದು ತೋರಿಸಲು ೧೯೯೦ರ ದಶಕದ ದಂಡುಪಾಳ್ಯದ ತಂಡದ ಹೆಸರು ಸಾಕು. ಹೊಸಕೋಟೆ ಕಡೆಯ ಊರಿನ ಹೆಸರು ಅಂಟಿಕೊಂಡ ಆ ತಂಡ ರಾಜ್ಯವನ್ನೇ ನಡುಗಿಸಿತ್ತು. ೨೦೧೨ರಲ್ಲಿ ಸಿನಿಮಾ ಕೂಡ ಆಯಿತು. ಜನ ಇವತ್ತಿಗೂ ನೆನೆಯುವುದು ಅವರ ರೀತಿಯನ್ನು. ಬಾಗಿಲು ಮುರಿಯುವುದಲ್ಲ, ತಟ್ಟುವುದು. ಕುಡಿಯಲು ನೀರು ಕೇಳುವುದು, ಬಾಡಿಗೆಗೆ ಮನೆ ಇದೆಯಾ ಎಂದು ವಿಚಾರಿಸುವುದು. ಒಳಗೆ ಒಂಟಿ ಹೆಂಗಸೋ ವಯಸ್ಸಾದವರೋ ಇದ್ದಾರೆ ಎಂದು ಖಾತ್ರಿಯಾದ ಮೇಲೆ ನುಗ್ಗುವುದು. ಆ ಹೊತ್ತಿಗೆ ಗಂಡ ಎಲ್ಲಿರುತ್ತಾನೆ? ಅಂಗಡಿಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ. ಬಾಗಿಲಲ್ಲಿ ನಿಲ್ಲುವವಳು ಹೆಂಡತಿ. ಹಾಗಿರುವಾಗ ಮನೆ ರಕ್ಷಣೆಯ ಮಾತು ಬಂದ ಕೂಡಲೇ “ಅದೆಲ್ಲಾ ನಾನ್ ನೋಡ್ಕೋತೀನಿ ಬಿಡು” ಎನ್ನುವ ಯಜಮಾನರಿಗೆ ಏನು ಹೇಳೋಣ? ನೋಡಿಕೊಳ್ಳುವ ಹೊತ್ತಿಗೆ ಇವರು ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ.

ಅದೇ ದಶಕದಲ್ಲಿ ಹಬ್ಬಿದ ಇನ್ನೊಂದು ಸುದ್ದಿ ಹಿರಿಯರಿಗೆ ನೆನಪಿರಬೇಕು. ರಾತ್ರಿ ಹೊತ್ತು ಗೊತ್ತಿರುವ ದನಿಯಲ್ಲೇ ಹೆಸರು ಹಿಡಿದು ಕೂಗುವ ದೆವ್ವ, ಓಗೊಟ್ಟು ಬಾಗಿಲು ತೆಗೆದರೆ ಸಾವು ಎಂದು ಗಾಳಿಸುದ್ದಿ. ಊರೂರಲ್ಲಿ ಬಾಗಿಲ ಮೇಲೆ ಸುಣ್ಣದಲ್ಲಿ, ಬಳಪದಲ್ಲಿ “ನಾಳೆ ಬಾ” ಎಂದು ಬರೆದರು. ದೆವ್ವ ಸುಳ್ಳು. ಆದರೆ ಆ ದಿನಗಳಲ್ಲಿ ಮನೆಯ ಮುದುಕಿಯಿಂದ ಹಿಡಿದು ಎರಡನೇ ಕ್ಲಾಸಿನ ಹುಡುಗನವರೆಗೆ ಎಲ್ಲರಿಗೂ ಒಂದೇ ಪಾಠ ಬಾಯಿಪಾಠ ಆಗಿತ್ತು. ಮೊದಲ ಕೂಗಿಗೆ ಬಾಗಿಲು ತೆಗೆಯಬಾರದು! ದೆವ್ವಕ್ಕೆ ಕೊಟ್ಟ ಆ ಮರ್ಯಾದೆಯನ್ನು ಗುರುತಿಲ್ಲದ ಮನುಷ್ಯನಿಗೂ ಕೊಟ್ಟರೆ ನಷ್ಟವಿಲ್ಲ. ನೀರು ಬೇಕೆಂದವರಿಗೆ ಕಿಟಕಿಯಿಂದಲೂ ಕೊಡಬಹುದು. ಗ್ಯಾಸು, ಮೀಟರು, ಬ್ಯಾಂಕು ಎಂದವರನ್ನು ಗ್ರಿಲ್ಲಿನ ಆಚೆ ನಿಲ್ಲಿಸಿ ಗುರುತಿನ ಚೀಟಿ ಕೇಳಬಹುದು. ಇದರಲ್ಲಿ ಯಾವ ಅವಮರ್ಯಾದೆಯೂ ಇಲ್ಲ.

ಮಂಗಳೂರಿನ ಪಾಠ

ಹಗಲಿನ ಮಾತು ಹಾಗಾಯಿತು. ರಾತ್ರಿ ನುಗ್ಗಿದರೆ ಹೇಗಿರುತ್ತದೆ ಎಂಬುದಕ್ಕೆ ಮಂಗಳೂರಿನ ಕೊಟ್ಟಾರದ ಪ್ರಕರಣ ನೋಡಬಹುದು. ೨೦೨೪ರ ಜುಲೈ ೯ರ ನಸುಕಿನಲ್ಲಿ ನಾಲ್ವರು ಕಿಟಕಿಯ ಗ್ರಿಲ್ ಕಿತ್ತು ವೃದ್ಧ ದಂಪತಿಯ ಮನೆಗೆ ನುಗ್ಗಿದರು. ಹೊಡೆದು ಬೆದರಿಸಿ ಒಡವೆ ದೋಚಿದರು. ಆ ಮನೆಯ ಕಾರಿನಲ್ಲೇ ಪರಾರಿ. ಮೂಲ್ಕಿಯಲ್ಲಿ ಕಾರು ಬಿಟ್ಟು ಬಸ್ ಹಿಡಿದರು. ಅದೇ ದಿನ, ಕೆಲವೇ ಗಂಟೆಗಳಲ್ಲಿ, ಬೆಂಗಳೂರು ದಾರಿಯಲ್ಲಿದ್ದ ಕೆ.ಎಸ್.ಆರ್.ಟಿ.ಸಿ. ಬಸ್ಸಿನಿಂದ ಸಕಲೇಶಪುರದಲ್ಲಿ ಪೊಲೀಸರು ಅವರನ್ನು ಇಳಿಸಿಕೊಂಡರು.

ಇದರಲ್ಲಿ ಕಲಿಯಬೇಕಾದ್ದು ಎರಡು. ಒಂದು, ಕಿಟಕಿ ಗ್ರಿಲ್ ಕೂಡ ಕಿತ್ತು ಬರುತ್ತದೆ, ಕಬ್ಬಿಣ ಒಂದನ್ನೇ ನಂಬಿ ಮಲಗಬಾರದು. ಎರಡು, ಹೋದ ಕಳ್ಳ ಸಿಕ್ಕುತ್ತಾನೆ, ಹೋದ ಒಡವೆಯೂ ಸಿಕ್ಕಬಹುದು. ಸುದ್ದಿ ಬೇಗ ಮುಟ್ಟಬೇಕು, ಮನೆಯವರು ಜೀವಂತ ಉಳಿದಿರಬೇಕು. ನಾಲ್ಕು ಜನರ ಮುಂದೆ ಇಬ್ಬರು ಮುದುಕರು ಪೈಲ್ವಾನಿಕೆ ತೋರಿಸಲು ಹೋದರೆ ಕಳೆದುಕೊಳ್ಳುವುದು ಒಡವೆಯನ್ನಲ್ಲ.

ಮಾತಾಡಬೇಕಾದ್ದು ಏನು?

ಒಂದು ಭಾನುವಾರ ಸಂಜೆ ಟಿ.ವಿ. ಆರಿಸಿ ಕೂತರೆ ಇಷ್ಟೂ ತೀರ್ಮಾನ ಆಗುತ್ತದೆ.

ಮೊದಲನೆಯದು, ಎಲ್ಲರೂ ಸೇರುವ ಕೋಣೆ ಯಾವುದು? ಒಳಗಿನಿಂದ ಭದ್ರವಾಗಿ ಚಿಲಕ ಹಾಕಲು ಬರುವ ಒಂದು ಕೋಣೆ ಗೊತ್ತು ಮಾಡಬೇಕು. ಸದ್ದು ಕೇಳಿದ ಕೂಡಲೇ ಮಕ್ಕಳು, ವಯಸ್ಸಾದ ಅತ್ತೆ ಮಾವ ಎಲ್ಲರೂ ಅಲ್ಲಿಗೆ. ಅವರನ್ನು ಕರೆತರುವವರು ಒಬ್ಬರು, ಫೋನ್ ಮಾಡುವವರು ಇನ್ನೊಬ್ಬರು. ಯಾರು ಯಾವುದು ಎಂದು ಈಗಲೇ ಹಂಚಿಕೊಳ್ಳಬೇಕು. ಮಂಡಿ ನೋವಿನ ಗಂಡನೇ ಓಡಬೇಕು ಎಂಬ ಶಾಸ್ತ್ರವಿಲ್ಲ. ಹೆಂಡತಿ ಚುರುಕಿದ್ದರೆ ಅವಳೇ ಮಕ್ಕಳನ್ನು ಎಳೆದು ತರಲಿ, ಇವನು ಫೋನ್ ಹಿಡಿಯಲಿ.

ಎರಡನೆಯದು, ಫೋನು, ಟಾರ್ಚು, ಕೀಲಿಕೈ ಮೂರೂ ರಾತ್ರಿ ಮಲಗುವ ಜಾಗದಲ್ಲೇ ಇರಬೇಕು. ಬೆಂಕಿ ಬಿದ್ದರೂ, ಎದೆನೋವು ಬಂದರೂ ಬೇಕಾಗುವುದು ಇದೇ ಮೂರು.

ಮೂರನೆಯದು, ಫೋನಲ್ಲಿ ಏನು ಹೇಳಬೇಕು? ೨೦೧೯ರಲ್ಲಿ ರಾಜ್ಯದಲ್ಲಿ ಶುರುವಾದ ೧೧೨ಕ್ಕೆ ಕರೆ ಮಾಡಿ “ಸಾರ್ ಬೇಗ ಬನ್ನಿ, ದುರ್ಗದಲ್ಲಿ ಕಳ್ಳರು” ಎಂದರೆ ಆಗದು. ದುರ್ಗ ಎಂದರೆ ಚಿತ್ರದುರ್ಗವೋ ದೇವರಾಯನದುರ್ಗವೋ, ದೂರದಲ್ಲಿ ಕೂತು ಫೋನ್ ಎತ್ತಿದವರಿಗೆ ಪಾಪ ಏನು ಗೊತ್ತು? ತುಮಕೂರು ಜಿಲ್ಲೆ, ಕೊರಟಗೆರೆ ತಾಲ್ಲೂಕು, ಚನ್ನರಾಯನದುರ್ಗ ಹೋಬಳಿ, ಇಂಥ ಊರು, ಇಂಥ ಗುಡಿಯ ಹಿಂದಿನ ಮನೆ ಎಂದು ಒಂದೇ ಉಸಿರಿಗೆ ಬರಬೇಕು. ಗಾಬರಿಯಲ್ಲಿ ಸ್ವಂತ ಊರಿನ ಹೆಸರೂ ನಾಲಿಗೆಗೆ ಬರುವುದಿಲ್ಲ. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕೋಣೆಯಲ್ಲೇ ತೂಗು ಹಾಕಿದರೆ ಹುಡುಗರೂ ಓದಿ ಹೇಳುತ್ತಾರೆ. ಅದರ ಕೆಳಗೆ ಠಾಣೆಯ ನಂಬರು, ಅಕ್ಕಪಕ್ಕದ ಎರಡು ಮನೆಯವರ ನಂಬರು. ಪೊಲೀಸ್ ಜೀಪು ಬರುವ ಮುಂಚೆ ಪಕ್ಕದ ಮನೆಯ ಲೈಟು ಹತ್ತುತ್ತದೆ. ಬೇಲಿ ಜಗಳಕ್ಕೆ ಮಾತು ಬಿಟ್ಟಿರುವ ನೆರೆಯವರು ಈ ನೆಪದಲ್ಲಾದರೂ ಮಾತಾಡಿದರೆ ಒಳ್ಳೆಯದೇ.

ನಾಲ್ಕನೆಯದು, ಇಬ್ಬರಿಗೇ ಗೊತ್ತಿರುವ ಒಂದು ಮಾತು. ಹೊರಗೆ ಹೋದ ಗಂಡನನ್ನು ಯಾರೋ ಅಡ್ಡಹಾಕಿ ಮನೆಬಾಗಿಲಿಗೆ ತಂದು ನಿಲ್ಲಿಸಿದರೆ, ಅಥವಾ ಒಳಗೆ ಹೆಂಡತಿಯ ಎದುರು ಯಾರೋ ನಿಂತಿರುವಾಗ ಗಂಡನ ಫೋನ್ ಬಂದರೆ, ಬಾಯಿಬಿಟ್ಟು ಹೇಳುವಂತಿಲ್ಲ. “ದೊಡ್ಡಮ್ಮ ಬಂದವ್ರೆ, ಎಲೆಅಡಿಕೆ ತನ್ನಿ” ಅಂತ ಏನಾದರೂ ಒಂದು. ಕೇಳಿದವರಿಗೆ ಸಂಸಾರದ ಮಾತು, ಗಂಡನಿಗೆ ಅಪಾಯದ ಗಂಟೆ.

ಐದನೆಯದು ಎಲ್ಲಕ್ಕಿಂತ ಕಷ್ಟದ್ದು. ಏನು ಬಿಟ್ಟುಕೊಡಬೇಕು? ಕತ್ತಿ ಹಿಡಿದವನು ಎದುರು ನಿಂತು ಸರ ಕೇಳಿದರೆ ಕೊಡುವುದು ಎಂದು ಇಬ್ಬರೂ ಮೊದಲೇ ಒಪ್ಪಿರಬೇಕು. ಇಲ್ಲವಾದರೆ ಅವಳು ಕೊಡಲು ಹೋದಾಗ ಇವನು ಮೀಸೆ ತಿರುವುತ್ತಾನೆ, ಇವನು ಕೊಡು ಎಂದಾಗ ತವರಿನವರು ಹಾಕಿದ್ದೆಂದು ಅವಳು ಮುಚ್ಚಿ ಹಿಡಿಯುತ್ತಾಳೆ. ಚಿನ್ನಕ್ಕೆ ಬ್ಯಾಂಕ್ ಲಾಕರ್ ಇದೆ. ಬೆಂಕಿ, ಕಳವು, ಸಿಬ್ಬಂದಿಯ ಮೋಸದಿಂದ ಲಾಕರಿನಲ್ಲಿದ್ದದ್ದು ಹೋದರೆ ವರ್ಷದ ಬಾಡಿಗೆಯ ೧೦೦ ಪಟ್ಟಿನವರೆಗೆ ಬ್ಯಾಂಕು ಹೊಣೆ ಎಂದು ರಿಸರ್ವ್ ಬ್ಯಾಂಕಿನ ನಿಯಮ ೨೦೨೨ರ ಜನವರಿ ೧ರಿಂದ ಜಾರಿಯಲ್ಲಿದೆ. ಮದುವೆ ಮುಂಜಿಗೆ ತಂದ ಒಡವೆಯನ್ನು ಮಾರನೇ ದಿನವೇ ಹಿಂತಿರುಗಿಸುವ ಅಭ್ಯಾಸ ಇದ್ದರೆ ಸಾಕು.

ಮಚ್ಚು, ಕರೆಂಟು, ಕಾನೂನು

“ಮಂಚದ ಕೆಳಗೆ ಮಚ್ಚು ಇಟ್ಟಿದೀನಿ, ಬರಲಿ ನೋಡೋಣ” ಎನ್ನುವ ವೀರರು ಎಲ್ಲಾ ಊರಲ್ಲೂ ಇದ್ದಾರೆ. ನಿದ್ದೆಗಣ್ಣಲ್ಲಿ ಕತ್ತಲಲ್ಲಿ ಬೀಸಿದ ಮಚ್ಚಿಗೆ ಕಳ್ಳ ಯಾರು, ರಾತ್ರಿ ಪಾಳಿ ಮುಗಿಸಿ ಬಂದ ಮಗ ಯಾರು ಎಂಬುದು ತಿಳಿಯದು. ಕಿತ್ತುಕೊಂಡರೆ ಅದು ಕಳ್ಳನ ಮಚ್ಚು. ಇನ್ನು ಕೆಲವರು ಬಾಗಿಲಿಗೆ, ಬೇಲಿಗೆ ಕರೆಂಟ್ ತಂತಿ ಕೊಡುವ ಯೋಚನೆ ಮಾಡುತ್ತಾರೆ. ಅದಂತೂ ಬೇಡವೇ ಬೇಡ. ಆ ತಂತಿ ಮೊದಲು ಮುಟ್ಟುವುದು ಮನೆಯ ದನವೋ ಮಗುವೋ ಆಗಿರುತ್ತದೆ, ಯಜಮಾನ ಜೈಲಿಗೆ.

ಆತ್ಮರಕ್ಷಣೆಗೆ ಕಾನೂನು ಅಡ್ಡಿಯಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೪ರಿಂದ ೪೪ರವರೆಗಿನ ಕಲಮುಗಳು ಸ್ವಂತ ದೇಹವನ್ನು, ಇತರರ ದೇಹವನ್ನು, ಆಸ್ತಿಯನ್ನು ರಕ್ಷಿಸಿಕೊಳ್ಳುವ ಹಕ್ಕು ಕೊಟ್ಟಿವೆ. ರಾತ್ರಿ ಕನ್ನ ಹಾಕಿ ನುಗ್ಗಿದವನ ವಿಷಯದಲ್ಲಿ ಆ ಹಕ್ಕು ಬಹಳ ದೂರದವರೆಗೆ ಹೋಗುತ್ತದೆ. ಆದರೆ ಅದಕ್ಕೊಂದು ಗೆರೆ ಇದೆ. ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಹಿಡಿದು ಕಂಬಕ್ಕೆ ಕಟ್ಟಿದವನಿಗೆ ಊರವರೆಲ್ಲ ಸರದಿಯಲ್ಲಿ ಬಾರಿಸುವುದು ರಕ್ಷಣೆ ಅಲ್ಲ, ಅಪರಾಧ. ಜನರೇ ಹಿಡಿದ ಕಳ್ಳನನ್ನು ವಿನಾಕಾರಣ ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎಂದು ಅದೇ ದಿನ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ೪೦ನೇ ಕಲಮು ಹೇಳುತ್ತದೆ.

ಈ ಗೆರೆ ದಾಟಿದರೆ ಏನಾಗುತ್ತದೆ ಎಂಬುದನ್ನು ರಾಜ್ಯ ೨೦೧೮ರ ಜುಲೈಯಲ್ಲಿ ನೋಡಿದೆ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಕಾರಿನಲ್ಲಿ ಬಂದಿದ್ದವರನ್ನು ಮಕ್ಕಳ ಕಳ್ಳರೆಂದು ಮೊಬೈಲ್ ಸುದ್ದಿ ನಂಬಿದ ಗುಂಪು ಅಟ್ಟಿಸಿಕೊಂಡು ಹೋಗಿ ಹೊಡೆಯಿತು. ಹೈದರಾಬಾದಿನ ಯುವಕನೊಬ್ಬ ಸತ್ತ. ಅವರು ಮಾಡಿದ್ದಿಷ್ಟೇ, ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು. ಕಂಬಳಿ ಮಾರುವವನು, ದಾರಿ ತಪ್ಪಿದವನು, ಬುದ್ಧಿ ಸ್ಥಿಮಿತ ಇಲ್ಲದವನು ಎಲ್ಲರೂ ರಾತ್ರಿ ಹೊತ್ತು ಕಳ್ಳರ ಹಾಗೇ ಕಾಣುತ್ತಾರೆ. ಮನೆಯ ಯೋಜನೆ ಗಟ್ಟಿ ಇದ್ದವನು ಚಿಲಕ ಹಾಕಿ ಫೋನ್ ಮಾಡುತ್ತಾನೆ. ಯೋಜನೆ ಇಲ್ಲದವನು ಕೈಗೆ ಸಿಕ್ಕ ದೊಣ್ಣೆ ಎತ್ತುತ್ತಾನೆ.

ಕಳವು ಆದ ಮೇಲೆ ಮಾಡಬೇಕಾದ್ದೂ ಇದೆ. ಬೀರು, ಬಾಗಿಲು ಮುಟ್ಟಬಾರದು, ನೆಂಟರನ್ನೆಲ್ಲಾ ಒಳಗೆ ಓಡಾಡಿಸಬಾರದು, ಬೆರಳಚ್ಚು ಅಳಿಸಿಹೋಗುತ್ತದೆ. ಬಸ್ಸಿನಲ್ಲಿದ್ದಾಗ ಸುದ್ದಿ ಬಂದರೆ ಇಳಿದ ಊರಿನ ಠಾಣೆಯಲ್ಲೇ ದೂರು ಕೊಡಬಹುದು. “ಇದು ನಮ್ಮ ಸರಹದ್ದಲ್ಲ” ಎಂದು ಅಟ್ಟುವಂತಿಲ್ಲ. ದೂರು ಎಲ್ಲಿ ಬೇಕಾದರೂ ಕೊಡಬಹುದು ಎಂದು ಅದೇ ಸುರಕ್ಷಾ ಸಂಹಿತೆಯ ೧೭೩ನೇ ಕಲಮು ಹೇಳುತ್ತದೆ. ಎಫ್.ಐ.ಆರ್. ಪ್ರತಿಗೆ ದುಡ್ಡು ಕೊಡಬೇಕಾಗಿಲ್ಲ.

ಅವಳಿಗೂ ಗೊತ್ತಿರಲಿ

ಇಷ್ಟೆಲ್ಲದರ ಬೇರು ಒಂದೇ ಕಡೆ ಇದೆ. ಮನೆಯ ಕಾಗದ ಪತ್ರ ಎಲ್ಲಿದೆ, ಬೀರುವಿನ ಎರಡನೇ ಕೀಲಿ ಎಲ್ಲಿದೆ, ಲಾಕರ್ ಯಾರ ಹೆಸರಲ್ಲಿದೆ, ಇವತ್ತು ಅಂಗಡಿ ದುಡ್ಡು ಮನೆಗೆ ಬಂತೋ ಬ್ಯಾಂಕಿಗೆ ಹೋಯಿತೋ, ಹೆಂಡತಿಗೆ ಹೇಳದ ಗಂಡಸರು ಇವತ್ತಿಗೂ ಬಹಳ ಮಂದಿ. “ಹೆಂಗಸರಿಗೆ ಹೇಳಿದ್ರೆ ಗಾಬರಿ ಆಗ್ತಾರೆ” ಎಂಬುದು ಅವರ ವಾದ. ಹೇಳದೆ ಇದ್ದದ್ದು ತಲೆಯ ಮೇಲೆ ಬಿದ್ದಾಗ ಆಗುವ ಗಾಬರಿ ಅದಕ್ಕಿಂತ ಹತ್ತರಷ್ಟು. ಹಗಲೆಲ್ಲ ಮನೆ ಕಾಯುವವಳನ್ನೇ ಯೋಜನೆಯಿಂದ ಹೊರಗಿಟ್ಟ ಯಜಮಾನ ಕಾವಲಿನವನಿಗೆ ಕೀಲಿಕೈ ಕೊಡದ ಪಾಳೆಯಗಾರನ ಹಾಗೆ.

ಸರ್ಕಾರದ ಕಡೆಯಿಂದಲೂ ಆಗಬೇಕಾದ್ದಿದೆ. ೨೦೨೫ರ ಜುಲೈಯಲ್ಲಿ ರಾಜ್ಯದಲ್ಲಿ “ಮನೆ ಮನೆಗೆ ಪೊಲೀಸ್” ಶುರುವಾಯಿತು. ಬೀಟ್ ಪೊಲೀಸರು ಮನೆಗಳಿಗೇ ಬಂದು ಮಾತಾಡಬೇಕೆಂಬುದು ಅದರ ಉದ್ದೇಶ. ಬಂದವರು ಯಜಮಾನರ ನಂಬರ್ ಒಂದನ್ನೇ ಬರೆದುಕೊಂಡು ಹೋಗದೆ ಮನೆಯಾಕೆಯ ನಂಬರನ್ನೂ ಬರೆದುಕೊಳ್ಳಲಿ, ಬೀಟಿನವರ ನಂಬರನ್ನು ಅವಳ ಫೋನಿಗೂ ಹಾಕಿಕೊಡಲಿ. ತೋಟದ ಮನೆಗಳನ್ನು ದೂರ ಎಂದು ಬಿಡದಿರಲಿ. ಕಡೇ ಬಸ್ ಇಳಿಯುವ ಜಾಗದ ಬೀದಿದೀಪ ಕೆಟ್ಟಿದ್ದರೆ ಗ್ರಾಮ ಪಂಚಾಯಿತಿಯವರು ಹಬ್ಬ ಬರಲಿ ಎಂದು ಕಾಯದೆ ಹಾಕಿಸಲಿ.

ಇಂಥ ಬರಹಗಳ ಕೊನೆಗೆ “ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?” ಎಂದು ಕೇಳುವುದು ವಾಡಿಕೆ. ಈ ವಿಷಯದಲ್ಲಿ ಮುಖ್ಯವಾಗಿ ಸಂಬಂಧಪಟ್ಟವರು ಇಬ್ಬರೇ. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಅರ್ಜಿ ಬರೆಯಬೇಕಾಗಿಲ್ಲ, ಸಾಹೇಬರ ಕಾಲು ಹಿಡಿಯಬೇಕಾಗಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ, ತಟ್ಟೆ ಎತ್ತುವ ಮುಂಚೆ, ಟಾರ್ಚ್ ಎಲ್ಲಿದೆ ಎಂಬಲ್ಲಿಂದ ಶುರುಮಾಡಿದರೆ ಸಾಕು.